ಕೊನೆಯ ಹಾಳೆಯ ಪುಂಡಿಪಲ್ಲೆ

ನಮ್ಮ ಕನ್ನಡ ಮಾಸ್ತರರು ಒಂದು ಕಾದಂಬರಿಯನ್ನು ನಲವತ್ತೆರಡು ಮಕ್ಕಳ ಕಣ್ಣೆದುರೇ ರಂಪಿಗೆಯಿಂದ ಕೊಯ್ದರು ಎಂದರೆ ನೀವು ನಂಬುವುದಿಲ್ಲ. ರಂಪಿಗೆ ಎಂದರೆ ಚಪ್ಪಲಿ ಹೊಲಿಯುವವರು ಚರ್ಮ ಕತ್ತರಿಸುವ ಹತಾರ. ಇಷ್ಟಾಗಿಯೂ ಜೇವರ್ಗಿ ತಾಲೂಕಿನಲ್ಲಿ ಅವರಷ್ಟು ಪುಸ್ತಕದ ಹುಚ್ಚಿನವರು ಮತ್ತೊಬ್ಬರಿರಲಿಲ್ಲ. ಆ ಹುಚ್ಚಿನ ಕಥೆ ಹೇಳಿ ನಿಮ್ಮನ್ನು ನಗಿಸೋಣವೆಂದು ಕೂತಿದ್ದೇನೆ. ನಡುವೆ ನಾನು ತಲೆ ತಗ್ಗಿಸಿದರೆ ನೀವು ನೋಡಿಯೂ ನೋಡದಂತೆ ಇರಬೇಕು, ಅಷ್ಟೇ.

ಎಪ್ಪತ್ತರ ದಶಕದ ಕೊನೆ. ನಾನು ಹತ್ತನೆಯ ತರಗತಿಯಲ್ಲಿದ್ದೆ. ಪಾಠಕ್ಕಿದ್ದದ್ದು ಒಂದು ಹಳೆಯ, ಹೆಸರುವಾಸಿ ಕಾದಂಬರಿ. ಭತ್ತದ ಸೀಮೆಯ ಇಬ್ಬರು ಅಣ್ಣತಮ್ಮಂದಿರು, ಅವರ ಜಗಳ, ಅಣ್ಣ ಮನೆ ಬಿಟ್ಟು ಹೋಗುವುದು. ನಮ್ಮ ವರ್ಗದಲ್ಲಿ ಭತ್ತದ ಗದ್ದೆ ಕಂಡವರು ಒಬ್ಬರೂ ಇರಲಿಲ್ಲ. ಅದಕ್ಕೆ ಮಾಸ್ತರರು ಬೆಂಚುಗಳನ್ನೆಲ್ಲ ಹೊರಗೆ ಹಾಕಿಸಿ, ನೆಲದ ಮೇಲೆ ಸುಣ್ಣದಿಂದ ಆ ಅಣ್ಣತಮ್ಮಂದಿರ ಮನೆಯನ್ನೇ ಬರೆದರು. ಪಡಸಾಲೆ, ಅಡಿಗೆಮನೆ, ಹಿತ್ತಲು, ಬಾವಿ, ಎಲ್ಲ. ಎರಡು ವಾರ ನಾವು ಬಾಗಿಲು ಬರೆದ ಕಡೆಯಿಂದಲೇ ಒಳಗೆ ಹೋಗಬೇಕು, ಹೊಸ್ತಿಲು ತುಳಿಯುವಂತಿಲ್ಲ. ಒಂದು ದಿನ ಹೆಡ್‌ಮಾಸ್ತರರು ಯಾವುದೋ ನೋಟೀಸು ಹಿಡಿದು ಬಂದು ನಟ್ಟನಡುವೆ ನಿಂತರು.

"ಸ್ವಲ್ಪ ಹಿಂದ ಸರೀರಿ ಸರ್," ಎಂದರು ಮಾಸ್ತರರು, ಬಲು ನಮ್ರವಾಗಿ. "ಚಪ್ಪಲ್ ಹಾಕ್ಕೊಂಡು ಅಡಗಿಮನ್ಯಾಗ ನಿಂತೀರಿ."

ಹೆಡ್‌ಮಾಸ್ತರರು ಗಾಬರಿಯಾಗಿ ಸರಿದರು.

"ಈಗ ಬಾವ್ಯಾಗ ನಿಂತೀರಿ."

ಪುಸ್ತಕ ಇದ್ದದ್ದು ಒಂದೇ, ಅದೂ ಮಾಸ್ತರರ ಸ್ವಂತದ್ದು. ಉಳಿದ ಪ್ರತಿಗಳು ಇವತ್ತು ಬರುತ್ತವೆ, ನಾಳೆ ಬರುತ್ತವೆ ಎನ್ನುವುದರಲ್ಲಿ ದೀಪಾವಳಿ ಮುಗಿಯಿತು. ಆಗ ಬಂತು ನೋಡಿ ಆ ರಂಪಿಗೆ. ಹೊಲಿಗೆ ಕೊಯ್ದು, ಹಾಳೆ ಬಿಡಿಸಿ, ಹಾಜರಿಯ ಪ್ರಕಾರ ಒಬ್ಬೊಬ್ಬರಿಗೆ ಎರಡೆರಡು ಹಾಳೆ ಹಂಚಿದರು. ಸರದಿ ಬಂದಾಗ ತಂತಮ್ಮ ಹಾಳೆಯ ಕಥೆಯನ್ನು ವರ್ಗಕ್ಕೆಲ್ಲ ಹೇಳಬೇಕು. ಕಾನೂನು ಒಂದೇ.

"ಹಾಳಿ ಯಾರ ಕೈಯಾಗ ಅದಾವೋ ಅವರೇ ಮಾಲಕರು. ನಡುವ ನಾನೂ ಬಾಯಿ ಹಾಕಂಗಿಲ್ಲ. ತಿಳೀತಿಲ್ಲೋ?"

"ತಿಳೀತ್ರಿ ಸರ್."

ಹಾಜರಿಯಲ್ಲಿ ನಾನು ಕೊನೆಯವನು. ಹೀಗಾಗಿ ಕಾದಂಬರಿಯ ಕೊನೆ ನನ್ನ ಪಾಲಿಗೆ ಬಂತು. ನಾನೋ ಹುಟ್ಟಾ ಚಿಂತೆಗಾರ. ತಲೆದಿಂಬಿನಡಿ ಇಟ್ಟರೆ ಇಲಿ, ದೇವರ ಜಗುಲಿಯ ಮೇಲಿಟ್ಟರೆ ಊದಿನಕಡ್ಡಿಯ ಕಿಡಿ. ಓದಿದರೆ ಕೈಯ ಜಿಡ್ಡು ಹತ್ತೀತೆಂದು ಓದಲೂ ಇಲ್ಲ! ಕೊನೆಗೆ ಮನೆಯ ಮೂಲೆಯಲ್ಲಿದ್ದ ತೊಗರಿ ಚೀಲದ ಬಾಯಿ ಬಿಚ್ಚಿ, ಕಾಳಿನೊಳಗೆ ಮೊಣಕೈವರೆಗೆ ತೋಳು ತೂರಿಸಿ ಹುಗಿದಿಟ್ಟೆ. ಅದಕ್ಕಿಂತ ಭದ್ರವಾದ ಜಾಗ ಎಲ್ಲಿದ್ದೀತು? ನನ್ನ ಸರದಿಯ ಹಿಂದಿನ ದಿನ ನೋಡಿದರೆ ಮೂಲೆ ಖಾಲಿ. ಅಪ್ಪ ತೊಗರಿ ಹೇರಿಕೊಂಡು ಗುಲಬರ್ಗಾ ಬಜಾರಕ್ಕೆ ಹೋಗಿ ಬಂದಿದ್ದ. ಹೀಗೆ ಕನ್ನಡದ ಒಂದು ಶ್ರೇಷ್ಠ ಕಾದಂಬರಿಯ ಮುಕ್ತಾಯ ಬೇಳೆ ಮಿಲ್ಲಿನ ಪಾಲಾಯಿತು.

ಮರುದಿನ ಎದ್ದು ನಿಂತೆ. ಬಾಯಿ ತಾನಾಗಿಯೇ ನಡೆಯಿತು. ಅಣ್ಣ ಹೊಳೆ ದಾಟಿ ಬಂದ. ತಮ್ಮ ಕಾಲಿಗೆ ನೀರು ಕೊಟ್ಟ. ತಮ್ಮನ ಹೆಂಡತಿ ಬಿಸಿ ಜೋಳದ ರೊಟ್ಟಿ, ನಮ್ಮ ಸೀಮೆಯ ಹುಳಿಸೊಪ್ಪಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದ ಪುಂಡಿಪಲ್ಲೆ ಬಡಿಸಿದಳು. ಇಬ್ಬರೂ ಒಂದೇ ತಾಟಿನಲ್ಲಿ ಉಂಡರು. (ಭಯಕ್ಕೆ ನಾನು ಮುಂಜಾನೆಯಿಂದ ಏನೂ ತಿಂದಿರಲಿಲ್ಲ ಎಂಬುದನ್ನು ಗಮನಿಸಬೇಕು.) ಮುಂದಿನ ಸಾಲಿನ ಹುಡುಗಿಯರು ಕಣ್ಣೊರೆಸಿಕೊಂಡರು.

ಮಾಸ್ತರರು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು.

"ಪುಂಡಿಪಲ್ಲೆ ಅಂದ್ಯಾ?"

"ಹೌದ್ರಿ ಸರ್."

"ಭತ್ತದ ಸೀಮ್ಯಾಗ?"

"ಹೌದ್ರಿ."

"ಹಂ. ಮತ್ತೇನರ ಹೇಳೂದದ ಏನಪಾ?"

"ಇಲ್ರಿ ಸರ್."

ಆ "ಇಲ್ರಿ" ಒಣರೊಟ್ಟಿಯ ತುಣುಕಿನಂತೆ ಇವತ್ತಿಗೂ ನನ್ನ ಗಂಟಲಲ್ಲಿದೆ. ಮುಂದೆ ಒಂದು ವಾರ ಅವರು ವರ್ಗಕ್ಕೆ ಬಂದೊಡನೆ, ಯಾರನ್ನೂ ನೋಡದೆ, ಅದೇ ಪ್ರಶ್ನೆ ಕೇಳಿದರು. ನಾನು ಚೀಲದಲ್ಲಿ ಇಲ್ಲದ ಪೆನ್ನು ಹುಡುಕಿದೆ. ತಾವು ಮಾಡಿದ ಕಾನೂನನ್ನು ತಾವೇ ಮುರಿಯುವವರಲ್ಲ ಅವರು.

ಪೂರ್ವಸಿದ್ಧತಾ ಪರೀಕ್ಷೆ ಬಂತು. ಉತ್ತರಪತ್ರಿಕೆ ತಿದ್ದುವವರು ಬೇರೆ ಶಾಲೆಯವರು. ಪ್ರಶ್ನೆ ಏನು ಬರಬೇಕು? ಕಾದಂಬರಿಯ ಮುಕ್ತಾಯವನ್ನು ವಿವರಿಸಿರಿ. ನಲವತ್ತೆರಡೂ ಮಂದಿ ಪುಂಡಿಪಲ್ಲೆ ಬರೆದೆವು. ಒಬ್ಬ ತನ್ನ ಕಡೆಯಿಂದ ಶೇಂಗಾಹಿಂಡಿಯನ್ನೂ ಬಡಿಸಿದ್ದ. ತಿದ್ದಿದವರು ಇದು ಸಾಮೂಹಿಕ ನಕಲೆಂದು ಷರಾ ಬರೆದು ಕಳಿಸಿದರು.

ಹೆಡ್‌ಮಾಸ್ತರರ ಖೋಲಿಯಲ್ಲಿ ವಿಚಾರಣೆ ನಡೆಯಿತು. ಒಳಗೆ ಹೋಗಿ ಹೇಳಿಬಿಡಬೇಕೆಂದು ನಾನು ಬಾಗಿಲವರೆಗೆ ಹೋದೆ. ಅಲ್ಲಿ ಗೋಡೆಗೆ ಕಿವಿ ಹಚ್ಚಿ ನಿಂತೆ.

"ಹುಡುಗ್ರು ನಕಲು ಮಾಡಿಲ್ರಿ. ನಾನೇ ಹಂಗ ಕಲಿಸೇನಿ," ಮಾಸ್ತರರ ದನಿ.

"ಮಾಸ್ತರ್ರೆ, ಕಾದಂಬರಿ ನೀವು ಪೂರಾ ಓದೀರೋ ಇಲ್ಲೋ?"

"ಇಲ್ರಿ. ಕೊನಿಗಿ ನಾಕು ಪುಟ ಬಿಟ್ಟಿದ್ದೆ."

ಆ ಪುಸ್ತಕ ಬಾಯಿಪಾಠವಿದ್ದ ಮನುಷ್ಯ ಹೇಳಿದ ಮಾತು ಇದು. ನಾನು ಸದ್ದಾಗದಂತೆ ಬಂದು ಬೆಂಚಿನ ಮೇಲೆ ಕೂತೆ.

ಮರುದಿನ ಅವರು ನಿಜವಾದ ಕೊನೆಯನ್ನು ಎರಡೇ ಮಾತಿನಲ್ಲಿ ಹೇಳಿದರು. ಅಣ್ಣ ಬರುವುದಿಲ್ಲ, ತಮ್ಮ ಬಾಗಿಲು ತೆರೆದಿಟ್ಟು ಕಾಯುತ್ತಾನೆ. ಕಾನೂನು ಮುರಿದದ್ದು ಅದೊಂದೇ ಸಲ. ದೊಡ್ಡ ಪರೀಕ್ಷೆಯಲ್ಲಿ ನಮಗ್ಯಾರಿಗೂ ತೊಂದರೆಯಾಗಲಿಲ್ಲ. ಪೆಟ್ಟು ಬಿದ್ದದ್ದು ಅವರಿಗೆ. ಮುಂದಿನ ವರ್ಷದಿಂದ ಕಾದಂಬರಿಯ ಪಾಠ ತೆಗೆದು ಎಂಟನೆಯ ತರಗತಿಯ ವ್ಯಾಕರಣ ಕೊಟ್ಟರು. ಊರಿನವರು ಅವರಿಗೆ ಪುಂಡಿಪಲ್ಲೆ ಮಾಸ್ತರ ಎಂದು ಹೆಸರಿಟ್ಟರು. ಗುಂಪಿನೊಳಗೆ ನಿಂತು ನಾನೂ ಒಂದೆರಡು ಸಲ ಹಾಗೆ ಕೂಗಿದ್ದೇನೆ, ನನ್ನ ಮೇಲೆ ಸಂಶಯ ಬಾರದಿರಲೆಂದು.

ಈಗ ನಾನೇ ಆಳಂದದಲ್ಲಿ ಕನ್ನಡ ಮಾಸ್ತರ. ಎಲ್ಲ ಮಕ್ಕಳ ಕೈಯಲ್ಲೂ ಪುಸ್ತಕ, ಗೋಡೆಗೆ ಚಾರ್ಟು, ಮೇಜಿನ ಮೇಲೆ ಗೈಡು. ನೆಲದ ಮೇಲೆ ಮನೆ ಬರೆಯುವ ಧೈರ್ಯ ನನಗೆ ಬಂದಿಲ್ಲ, ಹೆಡ್‌ಮಾಸ್ತರರು ಏನಂದಾರು? ಈ ವರ್ಷ ಅದೇ ಕಾದಂಬರಿ ಮತ್ತೆ ಪಾಠಕ್ಕೆ ಬಂತು. ಮೂರು ದಿನ ಊಟ ಸೇರಲಿಲ್ಲ. ಹೊಸ ಪ್ರತಿಯೊಂದನ್ನು ಚೀಲದಲ್ಲಿಟ್ಟುಕೊಂಡು, ನಿವೃತ್ತರಾಗಿ ಕರಜಗಿಯಲ್ಲಿದ್ದ ಮಾಸ್ತರರ ಮನೆಗೆ ಹೊರಟೆ. ಬಸ್ಸಿನಲ್ಲಿ ಮಾತನ್ನು ಏಳು ರೀತಿಯಲ್ಲಿ ಹೊಂದಿಸಿದ್ದೆ. ಅವರೆದುರು ಒಂದೂ ನೆನಪಾಗಲಿಲ್ಲ.

"ಸರ್, ಆ ಹಾಳಿ ನಾ ತೊಗರಿ ಚೀಲದಾಗ ಇಟ್ಟು ಕಳದಿದ್ದೆ. ಅಣ್ಣ ಬಂದ ಅಂದದ್ದು ಸುಳ್ಳು."

ಅವರು ಎದ್ದು ಹೋಗಿ ಒಳಗಿಂದ ಆ ಪುಸ್ತಕವನ್ನೇ ತಂದರು. ಹಾಳೆಗಳನ್ನು ಕೂಡಿಸಿ ದಪ್ಪ ದಾರದಿಂದ ಮತ್ತೆ ಹೊಲಿದಿದ್ದರು. ಕೊನೆಯ ನಾಲ್ಕು ಪುಟ ಇರಲಿಲ್ಲ. ನಾನು ಹೊಸ ಪ್ರತಿ ಮುಂದೆ ಹಿಡಿದೆ. ಅವರು ಅದನ್ನು ಮುಟ್ಟಲಿಲ್ಲ.

"ಇದು ನಿನ್ನ ಹುಡುಗ್ರಿಗಿ ಇರಲಿ, ನನಗ್ಯಾಕ? ಇಪ್ಪತ್ತು ಸಲ ಓದೇನಲೇ, ಒಮ್ಮಿಯೂ ಬರಲಿಲ್ಲ ಆ ಅಣ್ಣ. ನೀ ಹೇಳಿದ ದಿನ ಒಂದೇ ಬಂದಿದ್ದ."

ನನಗೆ ತಲೆ ಎತ್ತಲಾಗಲಿಲ್ಲ. ಅವರು ಪುಸ್ತಕದ ಹೊಲಿಗೆಯ ಮೇಲೆ ಬೆರಳಾಡಿಸಿದರು.

"ಒಂದು ಕೇಳೂದು ಉಳದಿತ್ತು ನೋಡು," ಎಂದರು. "ತಮ್ಮನ ಹೆಂಡ್ತಿ ಪುಂಡಿಪಲ್ಲ್ಯಾಗ ಜ್ವಾಳದ ನುಚ್ಚು ಹಾಕಿದ್ಳೋ, ತೊಗರಿಬ್ಯಾಳಿ ಹಾಕಿದ್ಳೋ?"

"ತೊಗರಿಬ್ಯಾಳಿರಿ ಸರ್," ಎಂದೆ.