ಅವ್ವನನ್ನು ಶುರು ಮಾಡುವ ಕ್ರಮ

ಕಂಪ್ಯೂಟರ್ ಕೆಲಸದವರ ಬಾಳಿನಲ್ಲಿ ವಾರಕ್ಕೊಂದಾದರೂ ನಗೆಪಾಟಲು ಆಗಲೇಬೇಕು. ಆಗದಿದ್ದರೆ ಆ ವಾರವೆಲ್ಲ ಕರೆಂಟು ಇರಲಿಲ್ಲ ಎಂದರ್ಥ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕೆ.ಆರ್.ಪೇಟೆಯಲ್ಲಿ ಒಬ್ಬರ ಜೊತೆ ಕೆಲಸಕ್ಕಿದ್ದೆ. ನನಗಿಂತ ದೊಡ್ಡವರು, ಅಣ್ಣ ಎನ್ನುತ್ತಿದ್ದೆ. ಹಾಲು ತಣಿಸುವ ಕೇಂದ್ರವೊಂದಕ್ಕೆ 'ಸಿ' ಭಾಷೆಯಲ್ಲಿ ಪ್ರೋಗ್ರಾಮು ಬರೆಯುತ್ತಿದ್ದೆವು. ಅದರ ಬುಡದಲ್ಲಿದ್ದು ಚಿಲ್ಲರೆ ಕೆಲಸಗಳನ್ನೆಲ್ಲ ಮಾಡಿಕೊಡುವ 'ಲೈಬ್ರರಿ' ಎಂಬ ಭಾಗವನ್ನೂ ಅಣ್ಣ ತಾವೇ ಬರೆಯುತ್ತಿದ್ದರು. ಅವರ ಮನೆಯ ಮುಂದಿನ ಕೋಣೆಯೇ ಆಫೀಸು, ಒಳಗೆ ಅವರ ಅವ್ವ. ಅವ್ವನಿಗೆ ಮರೆವಿನ ಕಾಯಿಲೆ. ಹುಟ್ಟಿದ ಊರು ಮರೆತಿದ್ದರು, ತೀರಿಕೊಂಡ ಗಂಡನನ್ನೂ ಮರೆತಿದ್ದರು. "ಒಂದಿನ ನನ್ನೂ ಮರ್ತುಬುಡ್ತಾಳೆ ಕಣ್ಲಾ," ಎಂದು ಅಣ್ಣ ಒಂದೇ ಒಂದು ಸಲ ಹೇಳಿದ್ದರು. ಆ ಭಯ ಮಾತ್ರ ಅವರನ್ನು ಬಿಡಲಿಲ್ಲ. ಅದರ ನಡುವೆಯೇ ನಕ್ಕ ನಾಲ್ಕು ಸಂಗತಿ ಇವು.

ಹಾಲೋ ಆಲೋ

ಅಣ್ಣ ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಹಾಲಿನ ಅಳತೆ ಇಡುವ ಜಾಗಕ್ಕೆ, "ಆಲು ಅಂತ ಎಸ್ರು ಆಕ್ಲಾ," ಅಂದರು. ನಾನು ನಾಲ್ಕಕ್ಷರ ಕಲಿತವನಲ್ಲವೇ, ಇಂಗ್ಲಿಷ್ ಅಕ್ಷರದಲ್ಲಿ ಮುಂದೊಂದು ಎಚ್ ಸೇರಿಸಿ 'ಹಾಲು' ಎಂದು ಬರೆದೆ. ಅವರು ತಾವೇ ಮೊದಲು ಬರೆದಿಟ್ಟಿದ್ದ ಫೈಲಿನಲ್ಲಿ ಎಚ್ ಇರಲಿಲ್ಲ. ಎರಡನ್ನೂ ಕೂಡಿಸಲು ಹೋದರೆ 'ಆಲು' ಎಲ್ಲೂ ಸಿಗುತ್ತಿಲ್ಲ ಎಂದು ಯಂತ್ರ ಹಟ ಹಿಡಿಯಿತು. ಮಧ್ಯಾಹ್ನದವರೆಗೂ ಹುಡುಕಿದೆವು. "ಆಲು ಎಲ್ಲೋಯ್ತು, ಆಲು ಎಲ್ಲೋಯ್ತು" ಎಂದು ಅಣ್ಣ ಕೂಗಾಡಿದ್ದೇ ಕೂಗಾಡಿದ್ದು.

ಒಳಗಿಂದ ಅವ್ವ ಗದರಿದರು: "ಬೆಕ್ಕು ಕುಡ್ಕೊಂಡೋಯ್ತು ಕಣ್ಲಾ, ಸುಮ್ಕಿರು!"

ಯಾರ ತಪ್ಪು ಯಾರ ತಲೆಗೆ

ಕೇಂದ್ರದಲ್ಲಿ ಎರಡು ಕೌಂಟರು. ಒಂದೇ ಪ್ರೋಗ್ರಾಮು ಎರಡು ಎಳೆಯಾಗಿ ಎರಡನ್ನೂ ಏಕಕಾಲಕ್ಕೆ ನೋಡಿಕೊಳ್ಳುತ್ತಿತ್ತು. ಏನಾದರೂ ಕೆಟ್ಟರೆ ಲೈಬ್ರರಿ ತಪ್ಪಿನ ನಂಬರನ್ನು ಒಂದು ಜಾಗದಲ್ಲಿ ಬರೆದಿಡುತ್ತದೆ. ಆ ಜಾಗ ಎರಡೂ ಎಳೆಗೆ ಒಂದೇ ಆಗಿದ್ದದ್ದೇ ಎಡವಟ್ಟು. ಒಂದು ದಿನ ಮೊದಲ ಕೌಂಟರಿಗೆ ಹುಳಿ ಹಾಲು ಬಂದರೆ, ಎರಡನೆಯದರ ಪರದೆಯ ಮೇಲೆ 'ಹುಳಿ' ಎಂದು ಬಂತು. ಅಲ್ಲಿ ಕ್ಯಾನ್ ಇಳಿಸಿ ನಿಂತಿದ್ದ ಸಂತೆಬಾಚಹಳ್ಳಿ ಕಡೆಯ ಗೌಡರು ಕೆರಳಿ ಕೆಂಡವಾದರು. "ಈಗ್ತಾನೆ ಕರ್ದಿರೋ ಆಲು! ಉಳಿ ನಿಮ್ ಮಿಸನ್ ತಲೇಲೈತೆ!"

ಅಣ್ಣ ಅವರನ್ನು ಕೂರಿಸಿ ಸಮಾಧಾನ ಹೇಳಿದರು. "ಗೌಡ್ರೆ, ಬೀದೀಲಿ ಮಕ್ಳು ಅವ್ವಾ ಅಂತ ಕೂಗುದ್ರೆ ಅವರವರ ಅವ್ವ ಬತ್ತಾಳೆ. ಎಸ್ರು ಒಂದೇ, ಆದ್ರೆ ಒಬ್ಬೊಬ್ರಿಗೆ ಒಬ್ಬೊಬ್ಳು. ಈ ತಪ್ಪಿನ ನಂಬರ್‌ನೂ ಅಂಗೇ ಮಾಡ್ತೀನಿ. ಎಸ್ರು ಒಂದೇ ಇರ್ಲಿ, ಎಳೆಗೊಂದೊಂದು ಜಾಗ."

ಗೌಡರು ಸ್ವಲ್ಪ ಯೋಚಿಸಿದರು. "ಅಂಗಾರೆ ಇಷ್ಟು ದಿನ ಎಲ್ರಿಗೂ ಒಬ್ಳೇ ಅವ್ವನ್ನ ಮಾಡಿದ್ಯಾ? ಜಗಳ ಆಗ್ದೆ ಇನ್ನೇನಾದಾತು!"

ಮೈನ್‌ಗೆ ಮುಂಚೆ

ಎಳೆಗೊಂದು ಜಾಗ ಮಾಡಿದ ಮೇಲೆ ಪ್ರೋಗ್ರಾಮು ಉಸಿರೆತ್ತದೆ ಸತ್ತಿತು. ಸಿ ಪ್ರೋಗ್ರಾಮು 'ಮೈನ್' ಎಂಬಲ್ಲಿಂದ ಶುರುವಾಗುತ್ತದೆ ಎಂದು ಪುಸ್ತಕ ಹೇಳುತ್ತದೆ. ಅರ್ಧ ಸುಳ್ಳು. ಅದಕ್ಕೂ ಮುಂಚೆ ಲೈಬ್ರರಿ ಎದ್ದು, ಒಂದೊಂದಾಗಿ ಎಲ್ಲವನ್ನೂ ಅಣಿ ಮಾಡಿರಬೇಕು. ನಾವು ಜಾಗ ಅಣಿಯಾಗುವ ಮೊದಲೇ ಅದರಲ್ಲಿ ಬರೆಯಲು ಹೋಗಿದ್ದೆವು. ಅಣ್ಣ ಕ್ರಮ ತಿದ್ದಿದರು.

ಅವ್ವನಿಗೂ ಅವರು ಬೆಳಿಗ್ಗೆ ಅಂಥದ್ದೇ ಒಂದು ಕ್ರಮ ಇಟ್ಟಿದ್ದರು. ಮೊದಲು, ಇದು ನಮ್ಮನೆ. ಆಮೇಲೆ, ನಿನಗೊಬ್ಬ ಮಗ ಇದ್ದಾನೆ, ದೊಡ್ಡವನಾಗಿದ್ದಾನೆ. ಕೊನೆಗೆ, ನಾನೇ ಅವನು. ಅಷ್ಟಾದ ಮೇಲೆಯೇ ಕಾಫಿ. ಒಂದು ದಿನ ಅವರು ಬೇಗನೆ ಕೇಂದ್ರಕ್ಕೆ ಹೋಗಬೇಕಾಗಿ ಬಂದು ಆ ಕೆಲಸ ನನ್ನ ಪಾಲಿಗೆ ಬಿತ್ತು. ನಾನು ಆತುರಗೇಡಿ. ಕಾಫಿ ಲೋಟ ಚಾಚಿ, "ಅವ್ವಾ, ನಿಮ್ ಮಗ ಡೈರಿ ಕೆಲ್ಸಕ್ಕೋದ್ರು," ಎಂದುಬಿಟ್ಟೆ.

ಅವ್ವ ಎದೆ ಬಡಿದುಕೊಂಡು ಅತ್ತರು. "ಅಯ್ಯೋ, ಇನ್ನೂ ಎಲ್ಡ್ನೇ ಕ್ಲಾಸ್ ಮಗ! ಅದ್ರ ಕೈಲಿ ಆಲಿನ್ ಕ್ಯಾನ್ ಎತ್ತಾಕಾಯ್ತದಾ?"

ಗಂಜಿಯ ಹೊತ್ತು

ಮಳೆಗಾಲ ಕಳೆಯುವಷ್ಟರಲ್ಲಿ ಅವ್ವನ ಆ ಬೆಳಗಿನ ಕ್ರಮವೂ ನಡೆಯದಾಯಿತು. ಅಣ್ಣ ಕೇಂದ್ರದ ಕೆಲಸವನ್ನೆಲ್ಲ ನನಗೊಪ್ಪಿಸಿ, ಕಂಪ್ಯೂಟರಿಗೆ ಬಟ್ಟೆ ಹೊದಿಸಿ, ದಿನವಿಡೀ ಅವ್ವನ ಪಕ್ಕದಲ್ಲೇ ಕೂತರು. ಅವರನ್ನು ಹಾಗೆ ನೋಡಲು ನನಗೆ ಸಂಕಟವಾಗುತ್ತಿತ್ತು. ಒಂದು ಮಧ್ಯಾಹ್ನ ನಾನು ಹೋದಾಗ ರಾಗಿ ಗಂಜಿ ಕುಡಿಸುತ್ತಾ, "ನಾನ್ಯಾರು ಏಳವ್ವ," ಎಂದು ಕೇಳುತ್ತಿದ್ದರು.

ಅವ್ವ ಅವರ ಮುಖವನ್ನೇ ನೋಡಿದರು. "ಗೊತ್ತಿಲ್ಲ ಕಣಪ್ಪ."

"ನಿನ್ ಮಗ ಕಣವ್ವ."

ಅವ್ವ ಬೊಚ್ಚುಬಾಯಿ ತುಂಬ ನಕ್ಕರು. "ಬುಡು ಬುಡು, ಯಾರ್ನ ಯಾಮಾರುಸ್ತೀಯಾ? ನನ್ ಮಗ ಇಷ್ಟೊತ್ತು ನನ್ ತಾವ ಕೂತಾನಾ? ಆ ಡಬ್ಬದ್ ಮುಂದಿಂದ ಏಳಾಕೇ ಪುರ್ಸೊತ್ತಿಲ್ಲ ಅವ್ನಿಗೆ."

ನನಗೆ ನಗು ಬಂದುಬಿಟ್ಟಿತು, ಹಾಳಾದ್ದು. ಅಣ್ಣನೂ ನಕ್ಕರು. ಕಣ್ಣು ಒರೆಸಿಕೊಂಡು ಇನ್ನೊಂದು ಗುಟುಕು ಕುಡಿಸಿದರು. ಅವ್ವ ಅವರ ಕೈ ಸವರಿ ಹೇಳಿದರು:

"ನೀನು ಒಳ್ಳೇವ್ನು ಕಣಪ್ಪ. ನಿನ್ನ ಎತ್ತವ್ಳು ಪುಣ್ಯ ಮಾಡವ್ಳೆ."