ಹವಳಕ್ಕೊಂದು ಅಗ್ಗದ ದೀಪ

ಆ ಡಬ್ಬಿಯ ಮೇಲೆ ಗಾಂಜಾ ಎಲೆಯ ಚಿತ್ರ ಇರದಿದ್ದರೆ ಖುಲೆಕಾನಿಯ ಶನಿವಾರ ಸುಖವಾಗಿ ಕಳೆದುಹೋಗುತ್ತಿತ್ತು. ಪಾಪ, ಅವನಿಗೆ ಬೇಕಿದ್ದದ್ದು ಜೀವಂತ ಹವಳ ಸಾಕಿದ್ದ ಗಾಜಿನ ತೊಟ್ಟಿಗೆ ಇನ್ನೊಂದು ದೀಪ. ಇದ್ದ ಒಂದು ದೀಪ ಸಾಲದೆ ಅವನ ಹವಳಗಳೆಲ್ಲ ಹಳೇ ಬನಿಯನ್ನಿನ ಬಣ್ಣಕ್ಕೆ ತಿರುಗಿದ್ದವು. ಹವಳಕ್ಕೆಂದೇ ಮಾಡಿದ ನೀಲಿ ದೀಪದ ಬೆಲೆ ಕೇಳಿದರೆ ಎದೆ ಹಿಡಿದುಕೊಳ್ಳಬೇಕು. ಡರ್ಬನ್ನಿನ ಗಿಡದಂಗಡಿಯವನು ಮಾತ್ರ, "ನೀಲಿ ಗುಂಡಿ ಒತ್ತಿದ್ರೆ ನೀಲಿ ಬರುತ್ತೆ ಅಣ್ಣ. ಗಿಡಕ್ಕೆ ಹಾಕಿದ್ಯೋ ಮೀನಿಗೆ ಹಾಕಿದ್ಯೋ ದೀಪಕ್ಕೇನು ಗೊತ್ತು?" ಎಂದು ಮನೆಯೊಳಗೆ ಗಾಂಜಾ ಬೆಳೆಸುವವರ ದೀಪವೊಂದನ್ನು ಕಾಲು ಬೆಲೆಗೆ ಕೊಟ್ಟುಬಿಟ್ಟ.

ಹೆಂಡತಿ ಬುಸಿ ಬೆಳಿಗ್ಗೆಯೇ ಎಚ್ಚರಿಸಿದ್ದಳು. "ಇದಕ್ಕೂ ಅವು ಚಿಗುರದಿದ್ರೆ ತೊಟ್ಟಿ ಆಚೆ!" ಖುಲೆಕಾನಿಗೆ ಅದು ಜೀವ ಹೋಗುವ ಮಾತು. ಹವಳ ಸಾಕುವವರು ತಮ್ಮ ತೊಟ್ಟಿಯಲ್ಲಿ ಬೆಳೆದದ್ದನ್ನು ಚಿವುಟಿ ಗೆಳೆಯರಿಗೆ ಕೊಡುತ್ತಾರೆ, ನಾವು ದಾಸವಾಳದ ಕಡ್ಡಿ ಕೊಡುವ ಹಾಗೆ. ಅಂಥ ಉಗುರಿನಷ್ಟು ಚೂರುಗಳನ್ನು ತಂದು ಅಂಗೈ ಅಗಲಕ್ಕೆ ಬೆಳೆಸಿದ್ದ. ಅವು ಸತ್ತರೆ ಅವನೂ ಅರ್ಧ ಸತ್ತಂತೆಯೇ.

ಡಬ್ಬಿ ಹೊತ್ತು ಬಂದರೆ ಮೆಟ್ಟಿಲ ಬುಡದಲ್ಲಿ ಕೋಗಿ ಆಂಟಿ ಕೂತಿದ್ದಳು. ಆ ಕಟ್ಟಡದ ಸಂಘಕ್ಕೆ ಅವಳೇ ಅಧ್ಯಕ್ಷೆ, ಅವಳೇ ಗೂಢಚಾರಿಣಿ.

"ಏನಪ್ಪಾ ಅದು?"

"ದೀಪ ಆಂಟಿ. ಹವಳಕ್ಕೆ."

ಆಂಟಿಯ ಕಣ್ಣು ಎಲೆಯ ಚಿತ್ರದಿಂದ ಅಲ್ಲಾಡಲಿಲ್ಲ. "ಹವಳಕ್ಕೆ. ಆಗಲಪ್ಪ, ಹವಳಕ್ಕೇ."

ತೊಟ್ಟಿಯ ಆಚೀಚೆ ಇಟ್ಟ ಎರಡು ಕುರ್ಚಿಗಳ ನಡುವೆ ಪೊರಕೆ ಕೋಲನ್ನು ಅಡ್ಡ ಇಟ್ಟು, ದೀಪ ಕಟ್ಟಿ, ಖುಲೆಕಾನಿ ನೀಲಿ ಗುಂಡಿ ಒತ್ತಿದ. ಮನೆಯೆಲ್ಲ ನೇರಳೆ ಹಣ್ಣು ತಿಂದ ನಾಲಗೆಯಂತಾಯಿತು. ಮಧ್ಯಾಹ್ನದ ಹೊತ್ತಿಗೆ ಮುದುಡಿ ಕೂತಿದ್ದ ಹವಳಗಳು ಒಂದೊಂದಾಗಿ ಬಾಯಿ ಬಿಟ್ಟವು. ಹಸಿರು, ಕಿತ್ತಳೆ, ಗುಲಾಬಿ! ಖುಲೆಕಾನಿ ಕುಣಿದೇ ಕುಣಿದ. ಬುಸಿ ಸೌಟು ಹಿಡಿದುಕೊಂಡೇ ಬಂದು ನೋಡಿ, "ಅಯ್ಯೋ, ಎಷ್ಟು ಚೆನ್ನಾಗಿವೆ ರೀ," ಎಂದು ಸೋತುಹೋದಳು.

ಆಗ ಬಾಗಿಲ ಬೆಲ್ ಆಯಿತು. ಕೆಳಮನೆಯ ಮಾಶೆಝಿ ಅಜ್ಜಿ. ಅಲ್ಲಿ ಮಣ್ಣು ಮಾಡುವುದೆಲ್ಲ ಶನಿವಾರವೇ; ಯಾರದೋ ಮಣ್ಣಿಗೆ ಹೋಗಿ ಬಂದವಳು ಚರ್ಚಿನ ಮಹಿಳಾ ಸಂಘದ ಕೆಂಪು ಕುಪ್ಪಸದಲ್ಲೇ ನಿಂತಿದ್ದಳು.

"ಮಗಾ, ಮಂಡಿ ನೋವು," ಎಂದು ಪಿಸುಗುಟ್ಟಿದಳು. "ಒಂದು ಹಿಡಿ ಕೊಡು. ಸ್ಪಿರಿಟ್ಟಲ್ಲಿ ನೆನೆಸಿ ಹಚ್ಕೋತೀನಿ."

"ಏನು ಕೊಡ್ಲಿ ಅಜ್ಜಿ?"

"ನಾಚ್ಕೋಬೇಡ. ಮನೆ ಬಳಕೆಗೆ ಗಾಂಜಾ ಬೆಳ್ಕೊಳ್ಳಿ ಅಂತ ಕಾನೂನೇ ಬಿಟ್ಟಿದೆಯಲ್ಲ. ನೇರಳೆ ಬೆಳಕು ರಸ್ತೆಗೆಲ್ಲ ಕಾಣುತ್ತೆ."

ಖುಲೆಕಾನಿ ಅಜ್ಜಿಯ ಕೈಹಿಡಿದು ತೊಟ್ಟಿಯ ಮುಂದೆ ನಿಲ್ಲಿಸಿದ. ಅಜ್ಜಿ ಬಗ್ಗಿ ನೋಡಿ, "ಮೇಲೆ ಕಲ್ಲಿಟ್ಟು ಕೆಳಗೆ ಬಚ್ಚಿಟ್ಟಿದೀಯ. ಜಾಣ," ಎಂದು ಕೆನ್ನೆ ತಟ್ಟಿದಳು.

ಅವಳ ಹಿಂದೆಯೇ ಸಮೋಸದ ತಟ್ಟೆ ಹಿಡಿದು ಕೋಗಿ ಆಂಟಿ ಬಂದಳು. ಮೂಗರಳಿಸಿ ಮನೆಯೆಲ್ಲ ಮೂಸಿದಳು. "ವಾಸನೇನೇ ಇಲ್ಲ! ಅಷ್ಟು ಒಳ್ಳೇ ತಳೀನಾ? ನನಗೆ ಆರು ತಿಂಗಳಿಂದ ನಿದ್ದೆ ಇಲ್ಲಪ್ಪ. ಸಂಘದ ಅಧ್ಯಕ್ಷೆಗೆ ಮೊದಲು ಕೊಡೋದು ಮರ್ಯಾದೆ."

"ಆಂಟಿ, ದೇವರಾಣೆ ಇದು ಹವಳ!"

"ಆಣೆ ಯಾಕಪ್ಪಾ ಹಾಕ್ತೀಯ? ಕೊಡೋ ಮನಸ್ಸಿಲ್ಲ ಅಂತ ಹೇಳು," ಎಂದು ಆಂಟಿ ತಟ್ಟೆ ವಾಪಸು ಎತ್ತಿಕೊಂಡು ಹೋದಳು. ಬುಸಿಗೆ ಸಮೋಸ ಹೋದದ್ದೇ ಬೇಜಾರು.

ಅಷ್ಟರಲ್ಲಿ ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಎಲೆಯ ಇಮೋಜಿಗಳ ಮಳೆ. 'ಮೂರನೇ ಮಹಡಿಯ ರೈತನಿಗೆ ಜೈ.' 'ನೆರೆಯವರಿಗೆ ರಿಯಾಯಿತಿ ಉಂಟಾ?' ಬಿಯರ್ ಕೂಡ ಮುಟ್ಟದ ಖುಲೆಕಾನಿಗೆ ತಲೆ ಕೆಟ್ಟಿತು. ಹುಡುಗರಿಗೆ ಡ್ರೈವಿಂಗ್ ಕಲಿಸುವವನು ನಾನು, ಸೋಮವಾರ ಯಾರು ನನ್ನ ಪಕ್ಕ ಕೂರುತ್ತಾರೆ? ಒಂದೊಂದು ಹವಳದ ಫೋಟೋ ತೆಗೆದ, ಹೆಸರು ಬರೆದ, ಯಾವ ಗೆಳೆಯ ಕೊಟ್ಟದ್ದೆಂದೂ ಬರೆದ. ಕೊನೆಗೆ ಮನೆ ನಂಬರು ಹಾಕಿ, 'ಇವು ಅಪ್ಪಟ ಹವಳಗಳು. ಅನುಮಾನ ಇದ್ದವರು ಬಂದು ನೋಡಿ. ಊರಿಗೆಲ್ಲ ಹಂಚಿ!' ಎಂದು ಕಳಿಸಿದ.

ಊರಿಗೆಲ್ಲ ಹಂಚಿದರು. ಎಲೆಗಳು ನಿಂತವು. ಕೋಗಿ ಆಂಟಿ ಅಳುವ ಮುಖವೊಂದನ್ನು ಕಳಿಸಿ ಸುಮ್ಮನಾದಳು. ಖುಲೆಕಾನಿ ಬಾಲ್ಕನಿಯಲ್ಲಿ ಕೆಂಡ ಹಾಕಿ ಮಾಂಸ ಸುಡುತ್ತ ಸಿಳ್ಳೆ ಹೊಡೆದ.

ಸಂಜೆ ಮತ್ತೆ ಬೆಲ್ ಆಯಿತು. ಬಾಗಿಲಲ್ಲಿ ಖಾಕಿ ಅಂಗಿಯ ಹೆಂಗಸೊಬ್ಬಳು, ಹಿಂದೆ ಪೊಲೀಸಿನವನು. ಅವರ ಹಿಂದೆ ಮೆಟ್ಟಿಲ ತುಂಬ ಕಟ್ಟಡದ ಜನ.

"ಬನ್ನಿ, ಬನ್ನಿ!" ಖುಲೆಕಾನಿ ನಗುನಗುತ್ತ ಬಾಗಿಲು ಪೂರ್ತಿ ತೆಗೆದ. "ಗಾಂಜಾ ತಾನೇ? ಮೂಲೆ ಮೂಲೆ ಹುಡುಕಿ."

"ಗಾಂಜಾಗೆ ನಾನ್ಯಾಕೆ ಬರ್ಲಿ ಸಾರ್? ನಿಮ್ಮ ಮನೆ, ನಿಮ್ಮ ಗಿಡ," ಎಂದಳು ಆಕೆ. "ನಾನು ಸಮುದ್ರ ಜೀವಿಗಳನ್ನ ಕಾಯೋ ಇಲಾಖೆಯವಳು." ಫೋನು ತೋರಿಸಿದಳು. ಅವನದೇ ಫೋಟೋಗಳು. "ತುಂಬ ಚೆನ್ನಾಗಿ ತೆಗೆದಿದೀರಿ. ಇವುಗಳ ಪರವಾನಗಿ ಎಲ್ಲಿ? ಇಲ್ಲದಿದ್ರೆ ತೊಟ್ಟಿ ಸಮೇತ ಹೊತ್ಕೊಂಡು ಹೋಗ್ಬೇಕಾಗುತ್ತೆ."

ಖುಲೆಕಾನಿ ಪರವಾನಗಿಯ ಹೆಸರೇ ಕೇಳಿರಲಿಲ್ಲ. ಗೆಳೆಯನ ತೊಟ್ಟಿಯ ಚೂರಿಗೆ ಯಾರು ಕಾಗದ ಕೇಳುತ್ತಾರೆ? ಹವಳಗಳ ಕಡೆ ನೋಡಿದ. ಅವೋ, ಹಬ್ಬಕ್ಕೆ ಹೊರಟ ಮಕ್ಕಳ ಹಾಗೆ ಮಿಂಚುತ್ತಿದ್ದವು.

"ಮೇಡಂ, ಹವಳ ಅಂದಿದ್ದು ಸುಳ್ಳು!" ಎಂದು ಕೂಗಿದ. "ಅದು ಗಾಂಜಾ! ಮೇಲೆ ಕಲ್ಲಿಟ್ಟು ಕೆಳಗೆ ಬಚ್ಚಿಟ್ಟಿದೀನಿ. ಬೇಕಾದ್ರೆ ಇವರನ್ನೆಲ್ಲ ಕೇಳಿ!"

ಮೆಟ್ಟಿಲ ಮೇಲಿನ ಜನ ಮುಖ ಮುಖ ನೋಡಿಕೊಂಡರು. ಕೋಗಿ ಆಂಟಿ ಮುಂದೆ ಬಂದು ಅವನ ಹೆಗಲ ಮೇಲೆ ಕೈಯಿಟ್ಟಳು.

"ಇಲ್ಲ ಮೇಡಂ," ಎಂದಳು ಕರುಣೆಯಿಂದ. "ಪಾಪ, ಒಳ್ಳೇ ಹುಡುಗ. ಬೆಳಿಗ್ಗೆಯಿಂದ ಬಾಯಿ ಬಡ್ಕೋತಿದ್ದ, ನಾವೇ ನಂಬಲಿಲ್ಲ. ಅದು ಹವಳಾನೇ. ಇಡೀ ಕಟ್ಟಡ ಸಾಕ್ಷಿ ಹೇಳುತ್ತೆ."