ವಿಮಾನದ ಬ್ರೇಕು ಮತ್ತು ಎರಡು ನಿಂಬೆಹಣ್ಣು

ವಿಮಾನ ಹತ್ತಿದವರು ಈಗೀಗ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಹತ್ತಿ ಎಲ್ಲಿಗೋ ಹೋಗಿ ಬಂದವರು. ಆದರೆ ಹಿತ್ತಲ ಬಾಗಿಲು ತೆಗೆದು ವಿಮಾನ ಹತ್ತಿ, ಎಲ್ಲಿಗೂ ಹೋಗದೆ ಇಳಿದು, ಒಲೆಯ ಮೇಲಿನ ಬೇಳೆಗೆ ಉಪ್ಪು ಹಾಕಿ, ಮತ್ತೆ ಹೋಗಿ ಅದೇ ವಿಮಾನ ಹತ್ತಿದ ಹೆಂಗಸು ಈ ಕಡೆ ನಾನೊಬ್ಬಳೇ ಇರಬೇಕು. ಜಂಬಕ್ಕೆ ಹೇಳುತ್ತಿಲ್ಲ, ನಾಟ್ ಅಟ್ ಆಲ್. ಗಂಡ ಮನೆಯಲ್ಲೇ ವಿಮಾನ ಕಟ್ಟಲು ಕೂತರೆ ಹೆಂಡತಿಗೆ ಇಂಥ ಪ್ರಯಾಣಗಳೇ ಹೆಚ್ಚು. ಜನ ಕೇಳುವುದು, ಅದು ಹಾರಿತೇ ಎಂದು. ನಿಂತಿತೇ ಎಂದು ಯಾರೂ ಕೇಳುವುದಿಲ್ಲ. ನನ್ನ ಕಥೆ ಇರುವುದೆಲ್ಲ ನಿಲ್ಲುವುದರಲ್ಲೇ.

ಆಗ ನಾವು ವಾಡಿಯಲ್ಲಿದ್ದೆವು. ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರು. ಇವರು, ಅಂದರೆ ನಮ್ಮ ಯಜಮಾನರು, ಸಿಮೆಂಟ್ ಫ್ಯಾಕ್ಟರಿಯಲ್ಲಿ ಇಂಜಿನಿಯರು. ಕ್ವಾರ್ಟರ್ಸಿನ ಹಿಂದೆ ತಗಡಿನ ಶೆಡ್ಡು ಹಾಕಿಸಿ, ಪರದೇಶದಿಂದ ಟಪಾಲಿನಲ್ಲಿ ತರಿಸಿದ ನಕ್ಷೆ ನೋಡಿಕೊಂಡು, ಕಟ್ಟಿಗೆ, ಬಟ್ಟೆ, ಸರಿಗೆ, ಅಂಟು ಇಷ್ಟರಲ್ಲಿ ವಿಮಾನ ಕಟ್ಟುತ್ತಿದ್ದರು. ಎರಡೇ ಸೀಟಿನದು. ರೆಕ್ಕೆಗೆ ಬಟ್ಟೆ ಹೊಲಿದವಳು ನಾನು. ಕಾನ್ವೆಂಟಿನಲ್ಲಿ ಕಲಿತ ಎಂಬ್ರಾಯ್ಡರಿ ಕೊನೆಗೂ ಒಂದು ಕೆಲಸಕ್ಕೆ ಬಂತು. ಫ್ಯಾಕ್ಟರಿಯ ಬಿಳಿ ಧೂಳು ಊರ ಮೇಲೆಲ್ಲ ಕೂರುವಂತೆ ಆ ರೆಕ್ಕೆಗಳ ಮೇಲೂ ಕೂರುತ್ತಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ವಿಮಾನ ಮೋಡದೊಳಗಿನಿಂದ ಈಗಷ್ಟೇ ಇಳಿದು ಬಂದು ಮಲಗಿದ ಹಾಗೆ ಕಾಣುತ್ತಿತ್ತು.

ನನಗೆ ವಿಮಾನದ ಹುಚ್ಚು ಇವರಿಗಿಂತ ಹಳೆಯದು. ಹೈದರಾಬಾದಿನ ಬೋರ್ಡಿಂಗ್ ಶಾಲೆಯ ಕಿಟಕಿಯಿಂದ ಬೇಗಂಪೇಟೆಯ ವಿಮಾನಗಳು ಕಾಣುತ್ತಿದ್ದವು. ಒಂದು ಹೋದರೆ ಸಾಕು, ನನ್ನ ಅರಿತ್‌ಮೆಟಿಕ್ಕೂ ಅದರ ಹಿಂದೆ ಹೋಗುತ್ತಿತ್ತು. "ಡ್ರೀಮಿಂಗ್ ಅಗೇನ್, ವಿಮಲಾ!" ಎಂದು ಸಿಸ್ಟರ್ ಡಸ್ಟರಿನಿಂದ ಮೇಜು ಕುಟ್ಟುತ್ತಿದ್ದರು. ಆಮೇಲೆ ಮದುವೆಯಾಗಿ ಬಂದದ್ದು ವಾಡಿ ಜಂಕ್ಷನ್ನಿಗೆ. ಇಲ್ಲಿ ಬೊಂಬಾಯಿಯ ಗಾಡಿ, ಮದ್ರಾಸಿನ ಗಾಡಿ, ಹೈದರಾಬಾದಿನ ಗಾಡಿ ಎಲ್ಲವೂ ಬರುತ್ತವೆ, ನೀರು ಕುಡಿದು ಹೋಗುತ್ತವೆ. ನಾನು ಮಾತ್ರ ಅಲ್ಲೇ. ಒಮ್ಮೆ, ಒಂದೇ ಒಂದು ಸಲ, ಮೇಲಿನಿಂದ ಈ ಹಳಿಗಳೆಲ್ಲ ಎತ್ತೆತ್ತ ಹೋಗುತ್ತವೆ ಎಂದು ನೋಡಬೇಕು ಅನ್ನುವುದು ನನ್ನ ಆಸೆ.

ಆ ಎರಡನೆಯ ಸೀಟಿನ ಮೇಲೆ ಇನ್ನೊಬ್ಬರ ಕಣ್ಣೂ ಇತ್ತು. ನಮ್ಮ ಅತ್ತೆಯವರದು. ಅವರ ತವರು ದಂಡೋತಿ. ಹಿಂದೊಮ್ಮೆ ಅವರ ಅಣ್ಣನ ಹೆಂಡತಿ ಬಂಡಿಯಲ್ಲಿ ಜಾಗವಿಲ್ಲ ಎಂದು ಅತ್ತೆಯನ್ನು ಬಿಟ್ಟು ಹೋಗಿದ್ದಳಂತೆ.

"ದಂಡೋತಿ ಮ್ಯಾಲಿಂದ ಒಮ್ಮಿ ಹಾಯಿಸಪಾ," ಎಂದು ಅತ್ತೆ ಮಗನಿಗೆ ಹೇಳುತ್ತಿದ್ದರು. "ಅಕಿ ಅಂಗಳದಾಗ ನಿಂತು ತಲಿ ಎತ್ತಿ ನೋಡಬೇಕು. ನಾ ಅಲ್ಲಿಂದ ಕೈ ಮಾಡ್ತೀನಿ. ಜಾಗಾ ಅದ ಬಾರವ್ವಾ ಅಂತೀನಿ."

"ಅಷ್ಟ್ ಮ್ಯಾಲಿಂದ ಕೇಳಸ್ತದೇನವ್ವಾ?"

"ಕೇಳಸಬಾರದು ಅಂತೇ ಅನ್ನೂದು."

ಇವರು ಜಾಣರು. ಅವ್ವನಿಗೂ ಹೂಂ ಅಂದರು, ನನಗೂ ಹೂಂ ಅಂದರು. ಹಾಗೆ ಎರಡು ಹೂಂಗಳ ಮೇಲೆ ಕಾಲ ಕಳೆಯುತ್ತಿರುವಾಗ ಬ್ರೇಕ್ ಹಾಕುವ ಘಟ್ಟ ಬಂತು.

ವಿಮಾನಕ್ಕೂ ಬ್ರೇಕು ಇರುತ್ತದೆ ಎನ್ನುವುದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಕಾಲಿನ ಪೆಡಲುಗಳ ಹಿಂದೆ ಒಂದೊಂದು ಸಣ್ಣ ಸಿಲಿಂಡರು. ಅಲ್ಲಿಂದ ತೆಳ್ಳಗಿನ ನಳಿಕೆ ವಿಮಾನದ ಕಾಲುಗಳಗುಂಟ ಇಳಿದು ಚಕ್ರಕ್ಕೆ ಹೋಗುತ್ತದೆ. ನಳಿಕೆಯ ತುಂಬ ಎಣ್ಣೆ. ಪೆಡಲ್ ಒತ್ತಿದರೆ ಎಣ್ಣೆ ಒತ್ತುತ್ತದೆ, ಎಣ್ಣೆ ಒತ್ತಿದರೆ ಚಕ್ರ ನಿಲ್ಲುತ್ತದೆ. ಇದನ್ನೆಲ್ಲ ಕೂರಿಸುವ ಜಾಗವೋ, ತಲೆ ಕೆಳಗೆ ಮಾಡಿ ನುಗ್ಗಿದರೆ ಮಾತ್ರ ಕೈಗೆ ಸಿಗುವಂಥದ್ದು. ಆ ದಿನಗಳಲ್ಲಿ ನಮ್ಮ ಮನೆಗೆ ಬಂದವರೆಲ್ಲ ಇವರ ಪಾದಗಳೊಡನೆ ಮಾತಾಡಿ ಹೋದರು. ಮುಖ ಪೆಡಲಿನ ಕೆಳಗೆ, ಪಾದ ಸೀಟಿನ ಮೇಲೆ. ಟಪಾಲಿನವನು ಪಾದಕ್ಕೆ ನಮಸ್ಕಾರ ಹೇಳಿ ಪಾರ್ಸೆಲ್ ಇಟ್ಟು ಹೋದ. ಸಿಟ್ಟು ಬಂದರೆ ಹೆಬ್ಬೆರಳು ನೆಟ್ಟಗಾಗುತ್ತದೆ ಎಂದು ನನಗೆ ಗೊತ್ತಾದದ್ದು ಆಗಲೇ. ಸಂಸಾರದಲ್ಲಿ ಆಮೇಲೆ ಬಹಳ ಉಪಯೋಗಕ್ಕೆ ಬಂತು.

ಎಣ್ಣೆ ತುಂಬಿದರು. ಪೆಡಲ್ ಒತ್ತಿದರೆ ಕಲಸಿಟ್ಟ ಜೋಳದ ಹಿಟ್ಟು ಒತ್ತಿದ ಹಾಗೆ ಮೆತ್ತಗೆ ಒಳಗೆ ಹೋಯಿತು. ಚಕ್ರ ತನ್ನ ಪಾಡಿಗೆ ತಾನು ತಿರುಗಿತು. ಎಣ್ಣೆಯಲ್ಲಿ ಗಾಳಿ ಸೇರಿಕೊಂಡಿದೆ, ಒತ್ತಿದರೆ ಗಾಳಿಯೇ ಮುದುಡಿಕೊಳ್ಳುತ್ತದೆ, ಚಕ್ರದವರೆಗೆ ಒತ್ತಡ ಮುಟ್ಟುವುದಿಲ್ಲ. ಆ ಗಾಳಿಯನ್ನು ಹೊರಗೆ ಹಾಕುವುದಕ್ಕೆ ಬ್ಲೀಡ್ ಮಾಡುವುದು ಎನ್ನುತ್ತಾರೆ. ಅದಕ್ಕೆ ಶಹಾಬಾದಿನಿಂದ ಮೆಹಬೂಬ್ ಭಾಯಿ ಬಂದರು. ಕಲ್ಲಿನ ಲಾರಿಗಳ ಮೆಕ್ಯಾನಿಕ್ಕು, ಇವರ ದೋಸ್ತ. ಲಾರಿಗೆ ಮಾಡುವ ಪದ್ಧತಿಯನ್ನೇ ಇದಕ್ಕೂ ಹಚ್ಚಿದರು. ಇವರು ಎಡಚಕ್ರದ ಹತ್ತಿರ, ಭಾಯಿ ಬಲಚಕ್ರದ ಹತ್ತಿರ, ಗಾಳಿ ಬಿಡುವ ತಿರುಪು ಬಿಚ್ಚಿ ಮುಚ್ಚಲು ಸ್ಪ್ಯಾನರು ಹಿಡಿದು ಮಲಗುವುದು. ಸೀಟಿನಲ್ಲಿ ಕೂತು ಪೆಡಲ್ ಒತ್ತುವವಳು ನಾನು.

"ಒತ್ರಿ ಅಕ್ಕಾರೆ," ಎನ್ನುವರು ಭಾಯಿ. "ಹಿಡೀರಿ. ಬಿಡಬ್ಯಾಡ್ರಿ. ನಾ ಮುಚ್ಚೂತನಕಾ ಬಿಡಬ್ಯಾಡ್ರಿ."

ಇದೇ ನೋಡಿ ನನ್ನ ಕಷ್ಟ. ಒತ್ತಿ ಹಿಡಿದುಕೊಂಡು ಸುಮ್ಮನೆ ಕೂರುವುದು ಎಂದರೆ ಕನಸಿಗೆ ಬಾಗಿಲು ತೆರೆದಿಟ್ಟಂತೆ. ಮುಂದೆ ಗಾಜು, ಗಾಜಿನಾಚೆ ಶೆಡ್ಡಿನ ಬಾಗಿಲು, ಬಾಗಿಲಿನಾಚೆ ಬಿಸಿಲು. ಬಿಸಿಲು ನೋಡುತ್ತ ನೋಡುತ್ತ ನಾನು ಪಕ್ಕದೂರು ರಾವೂರ ದಾಟುತ್ತಿದ್ದೆ, ಕಾಲು ತಾನಾಗಿ ಸಡಿಲುತ್ತಿತ್ತು, ಹೊರಗೆ ಹೋಗಲಿದ್ದ ಗಾಳಿ ಒಳಗೆ ವಾಪಸು.

"ಏ! ಬಿಟ್ಟಿ ಏನ್?" ಇವರ ದನಿ ನೆಲದಿಂದ.

"ಸಾರಿ! ಕ್ರ್ಯಾಂಪ್ ಬಂತ್ರೀ."

"ಕ್ರ್ಯಾಂಪ್ ಕಾಲಿಗಿ ಬಂತೋ ತಲಿಗಿ ಬಂತೋ?"

ಹೊರಸಿನ ಮೇಲೆ ಕೂತು ಅಲಸಂದಿ ಸುಲಿಯುತ್ತಿದ್ದ ಅತ್ತೆ ಹೇಳಿದರು: "ಒಂದೀಟು ಗಾಳಿ ಹೊರಗ ಹಾಕಲಿಕ್ಕಿ ಇಷ್ಟ್ ಮಂದಿ ಬೇಕೇನು? ಅಜವಾನ ಕುಡಸ್ರಿ ಅದಕ್ಕ."

ಎಷ್ಟು ಒತ್ತಿದರೂ ಪೆಡಲ್ ಹಿಟ್ಟಾಗಿಯೇ ಉಳಿಯಿತು. ಪೂರ್ತಿ ನನ್ನ ಕಾಲಿನ ತಪ್ಪಲ್ಲ. ಒಂದು ಭಾನುವಾರ ಇವರು ಸ್ನಾನ ಅರ್ಧಕ್ಕೆ ಬಿಟ್ಟು, ಮೈತುಂಬ ಸಾಬೂನಿನ ನೊರೆ, ಸೊಂಟಕ್ಕೆ ಟವೆಲು, ಹಿತ್ತಲಿಗೆ ಓಡಿ ಬಂದರು. ಬಕೆಟಿನಲ್ಲಿ ತಂಬಿಗೆ ಮುಳುಗಿಸುವಾಗ ಗುಳುಗುಳು ಎಂದು ಗುಳ್ಳೆ ಎದ್ದವಂತೆ.

"ಗುಳ್ಳಿ ಮ್ಯಾಲ ಏರ್ತಾವ! ನಾವು ತಳಗ ಜಗ್ಗಲಿಕತ್ತೀವಿ! ಈಡಿಯಟ್ಸ್!"

"ಮೊದಲ ಮೈ ತೊಳ್ಕೊ ಹೋಗು," ಎಂದರು ಅತ್ತೆ.

ಅಂದಿನಿಂದ ಉಲ್ಟಾ. ಎಣ್ಣೆ ಹಾಕುವ ಪಿಚಕಾರಿಗೆ ನಳಿಕೆ ಸಿಕ್ಕಿಸಿ, ಚಕ್ರದ ಕಡೆಯಿಂದ ಎಣ್ಣೆಯನ್ನು ಮೇಲಕ್ಕೆ ದೂಡುವುದು. ಮೇಲೆ ಪೆಡಲಿನ ಹತ್ತಿರದ ಡಬ್ಬಿಯಲ್ಲಿ ಗುಳ್ಳೆ ಏಳುವುದು ನಿಂತಾಗ "ಸಾಕು" ಎನ್ನುವುದು ನನ್ನ ಕೆಲಸ. ದೇವರೇ, ಎಂಥ ಚೆಂದದ ಕೆಲಸ! ನಳಿಕೆಯ ಒಂದು ತುಂಡು ಗಾಜಿನಂತೆ ಪಾರದರ್ಶಕ. ಕೆಂಪು ಎಣ್ಣೆಯಲ್ಲಿ ಗುಳ್ಳೆಗಳು ಒಂದರ ಹಿಂದೆ ಒಂದು, ಅವಸರವಿಲ್ಲದೆ, ಎಲ್ಲಿಗೋ ಕರೆ ಬಂದವರ ಹಾಗೆ ಮೇಲೇರುತ್ತಿದ್ದವು. ಕಟ್ಟಕಡೆಯ ಪುಟ್ಟ ಗುಳ್ಳೆ ತಿರುವಿನಲ್ಲಿ ನಿಂತು, ಹೋಗಲೋ ಬೇಡವೋ ಎಂದು ಯೋಚಿಸಿ, ಹೋಯಿತು. ಅದು ಹೋದ ಮೇಲೂ ನಾನು ಅದನ್ನೇ ನೋಡುತ್ತಿದ್ದೆ. ಸಾಕು ಎನ್ನುವುದು ನೆನಪಾದದ್ದು ಎಣ್ಣೆ ಡಬ್ಬಿ ತುಂಬಿ ನನ್ನ ಇಳಕಲ್ ಸೀರೆಯ ಮೇಲೆ ಹರಿದಾಗ. ಸೀರೆ ಹೋಯಿತು, ಬ್ರೇಕು ಬಂತು. ಪೆಡಲ್ ಒತ್ತಿದರೆ ಶಹಾಬಾದ್ ಕಲ್ಲಿನ ಮೇಲೆ ಕಾಲಿಟ್ಟ ಹಾಗೆ ಗಟ್ಟಿ. ಇವರು ಖುಷಿಯಲ್ಲಿ ಬಾಯಿಬಿಟ್ಟು ಹೇಳಿಬಿಟ್ಟರು: "ಟೆಸ್ಟಿನಾಗ ಬ್ರೇಕ್ ಪಾಸ್ ಆತಂದ್ರ ಮೊದಲನೇ ಪ್ಯಾಸೆಂಜರ್ ನೀನೇ."

ಅತ್ತೆ ಅಲಸಂದಿ ಬುಟ್ಟಿಯಿಂದ ತಲೆ ಎತ್ತಿದರು. ಬುಟ್ಟಿ ಪಕ್ಕಕ್ಕೆ ಸರಿಸಿ ನೇರ ದೇವರ ಕೋಣೆಗೆ ಹೋದರು. ಅದೇ ನನಗೆ ಹೆದರಿಕೆಯಾದದ್ದು.

ಟೆಸ್ಟಿನ ದಿನ ವಿಮಾನವನ್ನು ಅಂಗಳಕ್ಕೆ ತಂದು, ಬಾಲವನ್ನು ದಪ್ಪ ಹಗ್ಗದಿಂದ ಬೇವಿನ ಮರಕ್ಕೆ ಕಟ್ಟಿದರು. ಏನಾದರೂ ಆದರೆ ಇರಲಿ ಎಂದು. ಇಂಜಿನ್ನು ಜೋರು ಮಾಡಿದರೂ ಬ್ರೇಕು ಹಿಡಿದುಕೊಂಡು ವಿಮಾನ ಕದಲದೆ ನಿಲ್ಲಬೇಕು, ಇದೇ ಪರೀಕ್ಷೆ. ಅಷ್ಟರಲ್ಲಿ ಅತ್ತೆ ಮಡಿಯುಟ್ಟು, ಕುಂಕುಮ ಹಚ್ಚಿದ ಎರಡು ನಿಂಬೆಹಣ್ಣು ತಂದು ಎರಡೂ ಚಕ್ರಗಳ ಮುಂದೆ ಇಟ್ಟರು.

"ಅವ್ವಾ, ಇವತ್ತ ಇದು ಮುಂದ ಹೋಗಂಗಿಲ್ಲ. ನಿಂತಲ್ಲೇ ನಿಂದ್ರಬೇಕು."

"ಹೊಸಾ ಗಾಡಿ ನಿಂಬಿಹಣ್ಣು ಒಡೀಬೇಕಪಾ. ಒಡಿಲಾರದ ಗಾಡಿ ಮನಿಗಿ ಚಲೋ ಅಲ್ಲ."

"ಒಡದ್ರ ಬ್ರೇಕ್ ಫೇಲ್!"

"ಒಡಿಲಿಲ್ಲಂದ್ರ ಪೂಜಾ ಫೇಲ್!"

ಮೆಹಬೂಬ್ ಭಾಯಿ ನಡುವೆ ಬಂದರು. "ಇರ್ಲಿ ಬಿಡ್ರಿ ಸಾಬ್. ಹಣ್ಣು ಸಾಬೂತ ಉಳದ್ರ ಬ್ರೇಕ್ ಪಾಸ್ ಆದಂಗ. ನಮಗೂ ನೋಡಲಿಕ್ಕಿ ಒಂದ್ ಗುರುತು."

"ಹಂಗಾದ್ರ ಕೇಳು ಮೈಬೂಬ," ಎಂದರು ಅತ್ತೆ. "ಹಣ್ಣು ಉಳೀತಂದ್ರ ಸೊಸಿ ಹತ್ತಲಿ. ಒಡೀತಂದ್ರ ನಾ ಹತ್ತತೀನಿ. ದೇವರು ನೋಡ್ಕೋತಾನ."

ಹೀಗೆ ನನ್ನ ಆಕಾಶವೆಲ್ಲ ಎರಡು ನಿಂಬೆಹಣ್ಣಿನ ಮೇಲೆ ಬಂದು ನಿಂತಿತು.

ಪೆಡಲು ಎರಡೂ ಸೀಟಿಗಿದ್ದರೂ ಬ್ರೇಕು ಎಡಗಡೆಯವಕ್ಕೆ ಮಾತ್ರ. ಅವುಗಳ ಹದ ಗೊತ್ತಿದ್ದವಳು ನಾನು, ಎಡಗಡೆ ಕೂತೆ. ಇವರು ಬಲಗಡೆ ಕೂತು ಇಂಜಿನ್ನಿನ ಹಿಡಿ ಹಿಡಿದರು. ಇವರು ಬಾಗಿ ಚಕ್ರ ನೋಡಬೇಕಿತ್ತಲ್ಲ. "ಕಾಲು ತಗೀಬ್ಯಾಡ. ಏನಾದ್ರೂ ತಗೀಬ್ಯಾಡ." "ಪ್ರಾಮಿಸ್," ಎಂದೆ. ಭಾಯಿ ಮುಂದಿನ ಪಂಖ ತಿರುವಿ ದೂರ ಸರಿದರು. ಇಂಜಿನ್ನು ಕೆಮ್ಮಿ, ಸೀನಿ, ಗುಡುಗಿತು. ನಾನು ಒತ್ತಿದೆ. ಇವರು ಹಿಡಿ ಇನ್ನಷ್ಟು ದೂಡಿದರು. ವಿಮಾನದ ಮೈಯೆಲ್ಲ ನಡುಗಿತು, ಚಕ್ರ ಕದಲಲಿಲ್ಲ. ಹಣ್ಣು ಹಾಗೇ ಇದ್ದವು. ನಾನು ಪಾಸಾಗಿದ್ದೆ. ಅಲ್ಲಿಗೆ ಮುಗಿಸಬಹುದಿತ್ತು. ಇವರು "ಇನ್ನೊಂದೀಟು" ಎಂದು ಸನ್ನೆ ಮಾಡಿದರು.

ಆಗ ಗಾಳಿ ಎದ್ದಿತು ನೋಡಿ. ತಂತಿಯ ಮೇಲಿನ ಸೀರೆಗಳು ಅಡ್ಡಡ್ಡ ಹಾರಿದವು. ಮಾಳಿಗೆ, ಮರ, ಗೋಡೆಗಳ ಮೇಲೆ ವರ್ಷಗಟ್ಟಲೆ ಕೂತಿದ್ದ ಸಿಮೆಂಟಿನ ಬಿಳಿ ಪುಡಿಯೆಲ್ಲ ಎದ್ದು ನಮ್ಮ ಸುತ್ತ ಮುತ್ತಿಕೊಂಡಿತು. ಅಂಗಳವಿಲ್ಲ, ಅತ್ತೆಯಿಲ್ಲ, ವಾಡಿಯಿಲ್ಲ. ಎಲ್ಲೆಲ್ಲೂ ಬೆಳ್ಳಗೆ. ಇದು ಮೋಡ, ನಾವು ಮೋಡದೊಳಗಿದ್ದೇವೆ ಎಂದು ಯಾರೋ ಕಿವಿಯಲ್ಲಿ ಹೇಳಿದ ಹಾಗಾಯಿತು. ಕಣ್ಣು ಮುಚ್ಚಿದೆ. ಕೆಳಗೆ ಕಾಗಿಣಾ ಹೊಳೆ ಬಿಸಿಲಿಗೆ ಒಣಹಾಕಿದ ಸೆರಗಿನಂತೆ ಬಿದ್ದಿತ್ತು. ರಾವೂರಿನ ಕಲ್ಲುಗಣಿಗಳಲ್ಲಿ ನೀರು ನಿಂತು ಒಡೆದ ಕನ್ನಡಿಯ ಚೂರುಗಳಂತೆ ಮಿಂಚಿದವು. ವಾಡಿಯ ಹಳಿಗಳು ಬಾಚಿದ ಕೂದಲಿನಂತೆ ಬೇರೆ ಬೇರೆಯಾಗಿ ಹೋಗುತ್ತಿದ್ದವು. ಒಂದು ಸೇಡಂ ಕಡೆಗೆ, ಒಂದು ಶಹಾಬಾದ್ ಕಡೆಗೆ. ದೂರದಲ್ಲಿ ಚಿಂಚೋಳಿಯ ಗುಡ್ಡಗಳು ಹಸಿರಾಗಿ. ಎಷ್ಟು ಎತ್ತರ ಬಂದುಬಿಟ್ಟೆವು! ಇಷ್ಟು ಮೇಲೆ ಬಂದ ಮೇಲೆ ಬ್ರೇಕು ಯಾಕೆ, ಇಲ್ಲಿ ಯಾರಿಗೆ ಹಾಯುವುದಿದೆ ಎನ್ನಿಸಿತು. ಗುಡಿಯ ಮುಂದೆ ಚಪ್ಪಲಿ ಬಿಡುವ ಹಾಗೆ ಮೆಲ್ಲಗೆ ಎರಡೂ ಕಾಲು ತೆಗೆದೆ.

ವಿಮಾನ ಒಂದು ಹಾರು ಹಾರಿತು. ಹಗ್ಗ ಬಿಗಿಯಿತು. ಬೇವಿನ ಮರ ಇದ್ದಬದ್ದ ಎಲೆಯನ್ನೆಲ್ಲ ನಮ್ಮ ಮೇಲೆ ಉದುರಿಸಿತು. ಇವರು ಇಂಜಿನ್ನು ಆರಿಸಿದರು. ಧೂಳು ಇಳಿಯುವುದಕ್ಕೆ ಬಹಳ ಹೊತ್ತು ಹಿಡಿಯಿತು. ಇಳಿದಾಗ ಮೊದಲು ಕಂಡವರು ಅತ್ತೆ, ಅಡಿಯಿಂದ ಮುಡಿಯವರೆಗೆ ಬೆಳ್ಳಗೆ, ಕೈಮುಗಿದು ನಿಂತಿದ್ದರು.

"ಎರಡೂ ಒಡದಾವ! ಎಷ್ಟ್ ಚಂದ ಒಡದಾವ ನೋಡ ಬಾ!"

ಮೆಹಬೂಬ್ ಭಾಯಿ ಚಕ್ರದ ಹತ್ತಿರ ಕೂತು ನೋಡಿ, ಗಡ್ಡದ ಧೂಳು ಝಾಡಿಸಿ ಹೇಳಿದರು: "ಬ್ರೇಕ್ ಬರೋಬರ್ ಅವ ಸಾಬ್. ಅಕ್ಕಾರೇ ಹಾರಿ ಹೋಗಿದ್ರು."

ಇವರು ಬಯ್ಯಲಿಲ್ಲ. ನಾನು ಇವರ ಬೂಟಿನ ಕಡೆ ನೋಡಿದೆ. ಹೆಬ್ಬೆರಳು ಒಳಗೆ ಏನು ಮಾಡುತ್ತಿತ್ತೋ ಗೊತ್ತಿಲ್ಲ. ಕಡೆಗೆ ಅಂದರು: "ಅವ್ವಗ ಒಂದ್ ಅನುಕೂಲ ಅದ. ಅಕಿ ಎಲ್ಲಿ ಕೂತರೂ ಚಕ್ಕಳಮಕ್ಕಳ ಹಾಕ್ಕೊಂಡೇ ಕೂಡ್ತಾಳ. ಕಾಲು ಪೆಡಲಿಗಿ ತಾಕೂದೇ ಇಲ್ಲ. ಸೇಫ್."

ಪರವಾನಗಿ, ಪರೀಕ್ಷೆ, ಇವರೊಬ್ಬರೇ ಹಾರಿ ನೋಡಿದ್ದು, ಎಲ್ಲ ಮುಗಿದ ಮೇಲೆ ರಾವೂರಿನಾಚೆಯ ಬಯಲಿನಿಂದ ಅತ್ತೆ ದಂಡೋತಿಗೆ ಹೋಗಿ ಬಂದರು. ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು. ಇಳಿದ ಮೇಲೆ ಮುಖ ಗಂಟು.

"ಕೈ ಮಾಡಿದ್ರೇನತ್ತಿ? ನೋಡಿದ್ರೇನು ಅವರು?" ಎಂದೆ.

"ಎಲ್ಲಿ ನೋಡ್ತಾಳ? ಬಗ್ಗಿ ಅಂಗಳಾ ಸಾರಸಲಿಕತ್ತಿದ್ಲು. ಹುಟ್ಟಿದಾಗಿಂದ ಅಕಿ ತಲಿ ಎತ್ತಿ ನೋಡ್ಯಾಳ ಏನು!"

ನನ್ನ ಸರದಿಯೂ ಬಂತು. "ಕಾಲು ಮಡಚಿ ಕೂಡು, ಅವ್ವನಂಗ," ಎಂದರು ಇವರು. ಚಕ್ಕಳಮಕ್ಕಳ ಹಾಕಿ ಕೂತೆ. ಹಾರಿದೆವು. ಸುಳ್ಳು ಯಾಕೆ, ಇವರ ಮೊಣಕೈ ಕಂಡಿತು, ಫ್ಯಾಕ್ಟರಿಯ ಚಿಮಣಿಯ ಹೊಗೆ ಕಂಡಿತು, ಹೊಳೆ ಇವರ ಕಡೆಯ ಕಿಟಕಿಗೆ ಬಂತು. ಕಾಲು ಜೋಮು ಹಿಡಿಯಿತು. ಅಷ್ಟೆತ್ತರದಲ್ಲಿ ಕೂತು, ಸ್ಟೌ ಆರಿಸಿ ಬಂದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಇಳಿಯುವಾಗ ಅತ್ತೆ ಒಂದು ಕಡೆ, ಭಾಯಿ ಒಂದು ಕಡೆ ರೆಟ್ಟೆ ಹಿಡಿದು ಇಳಿಸಬೇಕಾಯಿತು.

ಈಗ ಯಾರಾದರೂ, "ಅಜ್ಜಿ, ನೀವು ಆ ವಿಮಾನದಾಗ ಎಷ್ಟ್ ಸಲ ಹಾರೀರಿ?" ಎಂದು ಕೇಳಿದರೆ ಎರಡು ಸಲ ಎನ್ನುತ್ತೇನೆ. "ಒಂದೇ," ಎನ್ನುತ್ತಾರೆ ಇವರು ಒಳಗಿನಿಂದ, ಪೇಪರು ಕೆಳಗಿಳಿಸದೆ. ಅವರು ಲೆಕ್ಕಕ್ಕೆ ಹಿಡಿಯುವ ಆ ಒಂದು, ನನ್ನ ಲೆಕ್ಕದಲ್ಲಿ ಎರಡನೆಯದು. ನಾನು ವಾದಕ್ಕೆ ಹೋಗುವುದಿಲ್ಲ. ಆದರೆ ಎರಡನೆಯ ಸಲ ಯಾರೂ ಚಕ್ರದ ಮುಂದೆ ಏನೂ ಇಟ್ಟಿರಲಿಲ್ಲ. ನಿಂಬೆಹಣ್ಣು ಒಡೆದು ಹೊರಟದ್ದು ಮೊದಲನೆಯದು. ಅತ್ತೆಯ ಶಾಸ್ತ್ರದ ಪ್ರಕಾರ ನೋಡಿದರೆ ಅದೇ ಖರೆ.